ಎಷ್ಟು ಸಲ ಎಳೆದೆ?

2022ರ ಜುಲೈ ತಿಂಗಳ ಒಂದು ಬೆಳಿಗ್ಗೆ. ಹೊರಗೆ ಮಳೆ ಹಗ್ಗ ಹಿಡಿದಂತೆ ಸುರಿಯುತ್ತಿತ್ತು. ಸುಬ್‌ಹಿ ನಮಾಝ್ ಮುಗಿಸಿ ಮದ್ರಸದ ಬಾಗಿಲು ತೆರೆಯುತ್ತಿದ್ದೆ. ಜೇಬಿನಲ್ಲಿದ್ದ ಫೋನ್ ಬಡಿದುಕೊಂಡಿತು. ಆ ಕಡೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಈಗ ಮದುವೆಯಾಗಿ ಎರಡು ಮಕ್ಕಳ ತಂದೆ. ಭಾವನೊಂದಿಗೆ ಸೇರಿ ಒಂದು ನಾಡದೋಣಿ ಇಟ್ಟುಕೊಂಡಿದ್ದಾನೆ.

"ಉಸ್ತಾದ್, ದೋಣಿ ಮಗುಚಿತು. ನಾವೆಲ್ಲ ದಡ ಸೇರಿದ್ದೇವೆ, ಯಾರಿಗೂ ಏನೂ ಆಗಿಲ್ಲ. ಆದರೆ ಎಂಜಿನ್ ನೀರಿನೊಳಗೆ ಹೋಗಿತ್ತು. ಈಗ ಮೇಲೆ ತಂದಿದ್ದೇವೆ. ಸ್ಟಾರ್ಟ್ ಆಗಲಿ ಅಂತ ಒಂದು ದುಆ ಮಾಡಿ."

"ದುಆ ಖಂಡಿತ ಮಾಡುತ್ತೇನೆ. ನೀನು ಮೊದಲು ಆ ಹಗ್ಗ ಬಿಡು" ಎಂದೆ.

ಆ ಕಡೆ ಒಂದು ಕ್ಷಣ ಮೌನ. ಅವನ ಕೈಯಲ್ಲಿ ನಿಜವಾಗಿಯೂ ಎಂಜಿನ್‌ನ ಹಗ್ಗ ಇತ್ತು. ಅದು ನನಗೆ ಹೇಗೆ ಗೊತ್ತಾಯಿತೆಂದು ಅವನಿಗೆ ಅಚ್ಚರಿ. ಓದುಗರೇ, ಇದರಲ್ಲಿ ಪವಾಡವೇನೂ ಇಲ್ಲ. ನೀರಿನಿಂದ ಎತ್ತಿದ ಎಂಜಿನ್‌ನ ಮುಂದೆ ನಿಂತ ಮನುಷ್ಯ ಮೊದಲು ಮಾಡುವುದೇ ಆ ಕೆಲಸ. ನಾನೂ ಮಾಡಿದ್ದೆ. ಅದರ ಬೆಲೆಯನ್ನು ನಮ್ಮ ಮನೆ ಎರಡು ವರ್ಷ ತೆತ್ತಿತ್ತು.

ಮತ್ತೆ ನಾನು ಅವನನ್ನು ಒಂದೇ ಪ್ರಶ್ನೆ ಕೇಳಿದೆ.

"ಎಷ್ಟು ಸಲ ಎಳೆದೆ? ಸತ್ಯ ಹೇಳು."

ಇದೇ ಪ್ರಶ್ನೆಯನ್ನು ಇಪ್ಪತ್ತೈದು ವರ್ಷಗಳ ಹಿಂದೆ ನನ್ನ ತಂದೆ ನನ್ನಲ್ಲಿ ಕೇಳಿದ್ದರು. ಅಂದು ನಾನು ಕೊಟ್ಟ ಉತ್ತರದ ಬಗ್ಗೆ ಬರೆಯಬೇಕೆಂದು ಬಹಳ ಕಾಲದಿಂದ ಅಂದುಕೊಂಡಿದ್ದೆ. ನಿಮ್ಮ ಮನೆಯಲ್ಲಿ ದೋಣಿ ಇಲ್ಲದಿರಬಹುದು. ಆದರೂ ಓದಿ. ಮನೆಯಲ್ಲಿ ಮಕ್ಕಳಿದ್ದರೆ ಇದು ನಿಮಗೂ ಸೇರಿದ ವಿಷಯ.

ಉಳ್ಳಾಲದ ಕೋಟೆಪುರವನ್ನು ಬಲ್ಲವರಿಗೆ ಅಳಿವೆ ಬಾಗಿಲು ಗೊತ್ತು. ನೇತ್ರಾವತಿ ಮತ್ತು ಫಲ್ಗುಣಿ ನದಿಗಳೆರಡೂ ಅಲ್ಲಿ ಒಟ್ಟಾಗಿ ಕಡಲು ಸೇರುತ್ತವೆ. ಈಚೆ ದಡದಲ್ಲಿ ಕೋಟೆಪುರ, ಆಚೆ ದಡದಲ್ಲಿ ಬೆಂಗ್ರೆ. ಮಳೆಗಾಲದಲ್ಲಿ ಹೊಳೆಯ ಕೆಂಪು ನೀರು ಹೊರಕ್ಕೆ ನುಗ್ಗುತ್ತದೆ, ಕಡಲಿನ ಅಲೆ ಒಳಕ್ಕೆ ನುಗ್ಗುತ್ತದೆ. ಎರಡೂ ಡಿಕ್ಕಿ ಹೊಡೆಯುವ ಜಾಗದಲ್ಲಿ ಮರಳಿನ ದಿಬ್ಬ ಎಲ್ಲಿ ಎದ್ದಿದೆ, ಎಲ್ಲಿ ಸರಿದಿದೆ ಎಂದು ದಿನವೂ ಹೊಸದಾಗಿ ಕಲಿಯಬೇಕು. ದೊಡ್ಡ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಹತ್ತು ಅಶ್ವಶಕ್ತಿಯ ತನಕದ ಸಣ್ಣ ಎಂಜಿನ್‌ನ ನಾಡದೋಣಿಗಳಿಗೆ ಮಾತ್ರ ಆ ದಿನಗಳಲ್ಲೂ ಹೋಗಲು ಅನುಮತಿಯಿದೆ. ಆದ್ದರಿಂದ ಬಡವನ ದುಡಿಮೆಯ ಕಾಲವೂ ಅದೇ, ಅಪಾಯದ ಕಾಲವೂ ಅದೇ.

1997ರ ಮಳೆಗಾಲ. ನನಗೆ ಆಗ ಹದಿನೇಳು ವರ್ಷ. ದೂರದ ಊರೊಂದರ ದರ್ಸಿನಲ್ಲಿ ಕಲಿಯುತ್ತಿದ್ದ ನಾನು ರಜೆಯಲ್ಲಿ ಮನೆಗೆ ಬಂದಿದ್ದೆ. ಉಪ್ಪ ಆ ವರ್ಷವಷ್ಟೇ ಎಂಟು ಅಶ್ವಶಕ್ತಿಯ ಒಂದು ಎಂಜಿನ್ ಕೊಂಡಿದ್ದರು. ಅರ್ಧ ಹಣ ಸಾಲದ್ದು, ಇನ್ನರ್ಧ ಉಮ್ಮನ ಬಳೆಗಳದ್ದು. ದೋಣಿಯ ಹಿಂಬದಿಗೆ ತಗುಲಿಸುವ ಆ ಎಂಜಿನ್ ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಯಲ್ಲಿ ಓಡುತ್ತದೆ. ನಮ್ಮ ಮನೆಗೆ ಅದು ಸಂಬಳ ತರುವ ಮಗನಂತಿತ್ತು. ಸಂಜೆ ದಡಕ್ಕೆ ಬಂದರೆ ಉಪ್ಪ ತಮ್ಮ ತಲೆ ಒರೆಸಿಕೊಳ್ಳುವ ಮೊದಲು ಅದನ್ನು ಒರೆಸುತ್ತಿದ್ದರು.

ಒಂದು ಬೆಳಿಗ್ಗೆ ಅಳಿವೆಯಲ್ಲಿ ಒಳಕ್ಕೆ ಬರುವಾಗ ಅಲೆಯೊಂದು ದೋಣಿಯನ್ನು ಅಡ್ಡ ತಿರುಗಿಸಿತು, ಮುಂದಿನದು ಮಗುಚಿತು. ಅಲ್ಲಾಹನ ಕೃಪೆ, ನಾಲ್ವರೂ ಬದುಕಿ ಬಂದರು. ಉಪ್ಪನ ಕಾಲಿಗೆ ದೋಣಿಯ ಅಂಚು ಬಡಿದು ಆಳವಾದ ಗಾಯವಾಗಿತ್ತು. ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ದೋಣಿ ಮರಳು ದಿಬ್ಬಕ್ಕೆ ಬಂದು ನಿಂತಿತು. ಊರಿನವರು ಸೇರಿ ಅದನ್ನು ಎಳೆದು ತಂದು, ಎಂಜಿನನ್ನು ಬಿಚ್ಚಿ ನಮ್ಮ ಅಂಗಳದಲ್ಲಿ ಇಳಿಸಿ ಹೋದರು.

ಅಂಗಳದಲ್ಲಿ ಉಳಿದದ್ದು ಎಂಜಿನ್ ಮತ್ತು ನಾನು.

ಉಪ್ಪ ಬರುವಷ್ಟರಲ್ಲಿ ಅದನ್ನು ಓಡುವಂತೆ ಮಾಡಿಬಿಟ್ಟರೆ ಅವರಿಗೆಷ್ಟು ಸಂತೋಷವಾದೀತು ಎಂದು ನನ್ನ ಮನಸ್ಸು ಹೇಳಿತು. ಹಲಗೆಯೊಂದಕ್ಕೆ ಎಂಜಿನ್ ಕಟ್ಟಿ ಹಗ್ಗ ಹಿಡಿದು ಎಳೆದೆ. ಮೊದಲು ಬಿಗಿಯಾಗಿತ್ತು. ಮತ್ತೆ ಎಳೆದೆ. ಒಳಗಿನಿಂದ ಕರಕರ ಸದ್ದು ಬಂತು. ಸದ್ದು ಬಂದದ್ದು ಜೀವ ಇರುವುದರ ಗುರುತು ಎಂದುಕೊಂಡೆ. ಎಳೆಯುತ್ತಲೇ ಹೋದೆ. ಕೈ ಸುಟ್ಟಂತೆ ಉರಿಯತೊಡಗಿದಾಗ ನಿಲ್ಲಿಸಿದೆ. ಇಪ್ಪತ್ತು ಸಲವಾದರೂ ಎಳೆದಿರಬೇಕು. ಅದು ಸ್ಟಾರ್ಟ್ ಆಗಲಿಲ್ಲ. ಒದ್ದೆಯಾಗಿದೆ, ಒಣಗಿದರೆ ಸರಿಯಾದೀತು ಎಂದು ಗೋಣಿಯ ಮೇಲೆ ಮಲಗಿಸಿದೆ. ಮಧ್ಯಾಹ್ನ ಮೋಡ ಸರಿದು ಬಿಸಿಲು ಬಂದಾಗ ನನಗೆ ಖುಷಿಯೇ ಆಗಿತ್ತು.

ಸಂಜೆ ಉಪ್ಪ ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದರು. ಮನೆಯೊಳಗೆ ಹೋಗಲಿಲ್ಲ, ನೇರ ಎಂಜಿನ್ ಬಳಿಗೆ ಬಂದರು.

"ಯಾರಾದರೂ ಹಗ್ಗ ಎಳೆದರಾ?"

"ನಾನು ಎಳೆದೆ."

"ಎಷ್ಟು ಸಲ ಎಳೆದೆ?"

ಅವರ ಮುಖ ನೋಡಿದೆ. ಬಾಯಿಯಿಂದ "ಒಂದೆರಡು ಸಲ" ಎಂದು ಬಂತು.

ಮರುದಿನ ಬೆಳಿಗ್ಗೆ ಮೇಸ್ತ್ರಿ ಬಂದರು. ಅವರೂ ಕೇಳಿದರು. ಉಪ್ಪ ನನ್ನ ಮಾತನ್ನೇ ಹೇಳಿದರು, "ಹುಡುಗ ಒಂದೆರಡು ಸಲ ಎಳೆದಿದ್ದಾನೆ, ಅಷ್ಟೆ." ನಾನು ಪಕ್ಕದಲ್ಲೇ ನಿಂತಿದ್ದೆ. ಕರಕರ ಸದ್ದಿನ ಬಗ್ಗೆಯೂ ಹೇಳಲಿಲ್ಲ. ಮೇಸ್ತ್ರಿ ಆ ಮಾತನ್ನು ನಂಬಿದರು. ಎಂಜಿನನ್ನು ಪೂರ್ತಿ ಬಿಚ್ಚುವ ಅಗತ್ಯವಿಲ್ಲವೆಂದು ತೀರ್ಮಾನಿಸಿ, ನೀರು ಹೊರಹಾಕಿ, ಎಣ್ಣೆ ಬಿಟ್ಟು, ಪ್ಲಗ್ ಬದಲಾಯಿಸಿ ಸ್ಟಾರ್ಟ್ ಮಾಡಿದರು. ಅದು ಓಡಿತು! ಉಮ್ಮ ಬಾಗಿಲಲ್ಲಿ ನಿಂತು ಅಲ್‌ಹಮ್ದುಲಿಲ್ಲಾಹ್ ಅಂದರು. ಹತ್ತು ನಿಮಿಷ ಓಡಿ, ಒಂದು ಕೀರಲು ಸದ್ದು ಮಾಡಿ, ಕಚ್ಚಿಕೊಂಡು ನಿಂತಿತು. ಮತ್ತೆ ತಿರುಗಲಿಲ್ಲ.

ಬಿಚ್ಚಿ ನೋಡಿದಾಗ ಎಲ್ಲವೂ ಸ್ಪಷ್ಟವಾಯಿತು. ಸಿಲಿಂಡರಿನ ಒಳಗೋಡೆಯಲ್ಲಿ ಉಗುರಿನಿಂದ ಗೀರಿದಂತೆ ಉದ್ದುದ್ದ ಗೆರೆಗಳು. ಬೇರಿಂಗ್‌ಗಳಲ್ಲಿ ಮರಳು ಮತ್ತು ತುಕ್ಕು. ಮೇಸ್ತ್ರಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಉಪ್ಪ ಆ ವರ್ಷ ಮತ್ತು ಮುಂದಿನ ವರ್ಷ ಬೇರೆಯವರ ದೋಣಿಯಲ್ಲಿ ಕೂಲಿಗೆ ಹೋದರು. ಬಳೆಗಳು ಮರಳಿ ಬರಲಿಲ್ಲ. ಅಣ್ಣ ಕಾಲೇಜು ಬಿಟ್ಟು ಗಲ್ಫಿಗೆ ಹೋದ.

ಆ ರಜೆಯ ಉಳಿದ ದಿನಗಳನ್ನು ನಾನು ಆ ಮೇಸ್ತ್ರಿಯ ಶೆಡ್ಡಿನಲ್ಲಿ ಕಳೆದೆ. ಯಾರೂ ಹೋಗು ಅನ್ನಲಿಲ್ಲ. ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳೆಯುವ ಕೆಲಸ ಕೊಟ್ಟರು. ಮುಂದಿನ ರಜೆಗಳಲ್ಲೂ ಹೋದೆ. ಮತ್ತೆ ನಾನು ಮದ್ರಸದ ಅಧ್ಯಾಪಕನಾದೆ, ಅಂಚೆಯ ಮೂಲಕ ಬಿ.ಎ. ಮುಗಿಸಿದೆ. ಆದರೆ ಎಂಜಿನ್‌ನ ಬಗ್ಗೆ ಆ ಶೆಡ್ಡಿನಲ್ಲಿ ಕಲಿತದ್ದು ಇಂದಿಗೂ ಮರೆತಿಲ್ಲ. ಅದನ್ನು ನಿಮಗೆ ಕ್ರಮವಾಗಿ ಹೇಳುತ್ತೇನೆ. ದೋಣಿಯಿರುವ ಮನೆಯವರು ಈ ಪುಟವನ್ನು ಗಂಡಸರ ಕೈಗೆ ಕೊಡಿ.

ಮೊದಲು, ಹಗ್ಗ ಯಾಕೆ ಎಳೆಯಬಾರದು?

ಎಂಜಿನ್‌ನ ಒಳಗೆ ಪಿಸ್ಟನ್ ಮೇಲೆ ಕೆಳಗೆ ಓಡುತ್ತಾ ಗಾಳಿ ಮತ್ತು ಇಂಧನವನ್ನು ಒತ್ತುತ್ತದೆ. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ನೀರನ್ನು ನೂರಕ್ಕೆ ಒಂದು ಪಾಲು ಕುಗ್ಗಿಸಲು ನಾವು ಉಸಿರಾಡುವ ಗಾಳಿಯ ಒತ್ತಡದ ಸುಮಾರು 200 ಪಟ್ಟು ಒತ್ತಡ ಬೇಕು. ಮಕ್ಕಳಿಗೆ ನಾನು ಇದನ್ನು ಸೂಜಿ ತೆಗೆದ ಸಿರಿಂಜಿನಲ್ಲಿ ತೋರಿಸುತ್ತೇನೆ. ಗಾಳಿ ತುಂಬಿ ತುದಿ ಮುಚ್ಚಿ ಒತ್ತಿದರೆ ಒಳಗೆ ಹೋಗುತ್ತದೆ. ನೀರು ತುಂಬಿ ಒತ್ತಿ ನೋಡಿ, ಕಲ್ಲಿನಂತೆ ನಿಲ್ಲುತ್ತದೆ. ಸಿಲಿಂಡರಿನಲ್ಲಿ ನೀರು ತುಂಬಿರುವಾಗ ಎಂಜಿನ್ ಬಲವಾಗಿ ತಿರುಗಿದರೆ ಪಿಸ್ಟನನ್ನು ಹಿಡಿದಿರುವ ಉಕ್ಕಿನ ಕಡ್ಡಿ, ಅಂದರೆ ಕನೆಕ್ಟಿಂಗ್ ರಾಡ್, ಬಾಗುತ್ತದೆ. ಓಡುತ್ತಿರುವಾಗಲೇ ಮುಳುಗಿದ ಎಂಜಿನ್‌ನಲ್ಲಿ ಇದು ಆಗಿರುವ ಸಂಭವ ಹೆಚ್ಚು. ಕೈಯಿಂದ ಎಳೆಯುವಾಗ ಅಷ್ಟು ಬಲವಿರುವುದಿಲ್ಲ ನಿಜ. ಆದರೆ ನೀರಿನೊಂದಿಗೆ ಮರಳು ಹೋಗಿರುತ್ತದೆ. ಎಳೆದ ಪ್ರತಿ ಸಲವೂ ಆ ಮರಳು ಉಜ್ಜುಕಾಗದದಂತೆ ಒಳಗೋಡೆಯನ್ನು ಕೆರೆಯುತ್ತದೆ. ನಾನು ಕೇಳಿದ ಕರಕರ ಸದ್ದು ಜೀವದ ಸದ್ದಾಗಿರಲಿಲ್ಲ.

ಎರಡನೆಯದು, ಬಿಸಿಲಿಗೆ ಯಾಕೆ ಇಡಬಾರದು?

ನಿಮಗೆ ಆಶ್ಚರ್ಯವಾಗಬಹುದು. ನೀರಿನೊಳಗಿರುವಾಗ ಎಂಜಿನ್ ಕೆಡುವುದಕ್ಕಿಂತ ಬೇಗ, ನೀರಿನಿಂದ ತೆಗೆದು ಹೊರಗಿಟ್ಟಾಗ ಕೆಡುತ್ತದೆ. ತುಕ್ಕು ಹಿಡಿಯಲು ನೀರೊಂದೇ ಸಾಲದು, ಗಾಳಿಯಲ್ಲಿರುವ ಆಮ್ಲಜನಕವೂ ಬೇಕು. ತೆರೆದ ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ನೀರು ಆರಿದರೂ ಉಪ್ಪು ಆರುವುದಿಲ್ಲ, ಒಳಗೇ ಕೂರುತ್ತದೆ. ಉಪ್ಪು, ತೇವ, ಗಾಳಿ ಮೂರೂ ಸೇರಿದರೆ ಉಕ್ಕಿನ ಬೇರಿಂಗ್‌ಗಳ ನುಣುಪು ಕೆಲವೇ ಗಂಟೆಗಳಲ್ಲಿ ಹಾಳಾಗತೊಡಗುತ್ತದೆ. ಆದ್ದರಿಂದ ಎರಡು ಮೂರು ಗಂಟೆಯೊಳಗೆ ಕೆಲಸ ಆರಂಭಿಸಬೇಕು. ಮೇಸ್ತ್ರಿ ಅಷ್ಟರಲ್ಲಿ ಸಿಗದಿದ್ದರೆ ಎಂಜಿನನ್ನು ಸಿಹಿನೀರಿನಲ್ಲಿ ಮುಳುಗಿಸಿಡಬೇಕು. ಹೌದು, ನೀರಿನಿಂದ ತೆಗೆದದ್ದನ್ನು ಮತ್ತೆ ನೀರಿಗೇ ಹಾಕಬೇಕು. ಉಪ್ಪೂ ಕರಗುತ್ತದೆ, ಗಾಳಿಯೂ ತಾಗುವುದಿಲ್ಲ.

ಮೂರನೆಯದು, ನೀರು ಹೊರಹಾಕುವ ಕ್ರಮ.

ಮೇಲಿನ ಮುಚ್ಚಳ ತೆಗೆದು, ಸಿಹಿನೀರಿನಿಂದ ಮರಳು, ಕೆಸರು, ಉಪ್ಪು ಹೋಗುವಂತೆ ಚೆನ್ನಾಗಿ ತೊಳೆಯಿರಿ. ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ಕೀಲಿ ತೆಗೆದಿಡಿ. ಹತ್ತಿರ ಬೀಡಿ, ದೀಪ ಯಾವುದೂ ಬೇಡ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ. ಪ್ಲಗ್‌ನ ತೂತುಗಳು ಕೆಳಮುಖವಾಗುವಂತೆ ಎಂಜಿನನ್ನು ಮಲಗಿಸಿ. ಈಗ ಹಗ್ಗದಿಂದಲ್ಲ, ಮೇಲಿನ ಚಕ್ರವನ್ನು ಕೈಯಿಂದ ಹಿಡಿದು ಅದು ತಿರುಗಬೇಕಾದ ದಿಕ್ಕಿಗೆ ಮೆಲ್ಲನೆ ತಿರುಗಿಸಿ. ನೀರು ಆ ತೂತುಗಳಿಂದ ಹೊರಗೆ ಬರುತ್ತದೆ. ತಿರುಗಿಸುವಾಗ ಕರಕರ ಅಂದರೆ ಅಥವಾ ಎಲ್ಲಾದರೂ ತಡೆದರೆ ಅಲ್ಲಿಗೆ ನಿಲ್ಲಿಸಿ. ಒಳಗೆ ಮರಳಿದೆ ಅಥವಾ ರಾಡ್ ಬಾಗಿದೆ ಎಂದರ್ಥ. ಅಂಥ ಎಂಜಿನನ್ನು ಪೂರ್ತಿ ಬಿಚ್ಚಿ ತೊಳೆಯದೆ ಬೇರೆ ದಾರಿಯಿಲ್ಲ.

ನೀರು ಬರುವುದು ನಿಂತ ಮೇಲೆ ಕಾರ್ಬುರೇಟರಿನ ತಳದ ಸ್ಕ್ರೂ ಬಿಚ್ಚಿ ಬಸಿಯಿರಿ. ಪೆಟ್ರೋಲ್, ಸೀಮೆಎಣ್ಣೆ ಎರಡೂ ನೀರಿಗಿಂತ ಹಗುರ, ಆದ್ದರಿಂದ ನೀರು ಯಾವಾಗಲೂ ತಳ ಸೇರುತ್ತದೆ. ಮೇಲಿನಿಂದ ನೋಡಿ ಇಂಧನ ಚೆನ್ನಾಗಿದೆ ಎಂದು ಮೋಸ ಹೋಗಬೇಡಿ. ಟ್ಯಾಂಕಿನ ಇಂಧನವನ್ನು ಗಾಜಿನ ಬಾಟಲಿಗೆ ತಳದಿಂದ ತೆಗೆದು ಸ್ವಲ್ಪ ಹೊತ್ತು ಇಡಿ. ನೀರಿದ್ದರೆ ಕೆಳಗೆ ಬೇರೆಯೇ ಪದರವಾಗಿ ಕಾಣುತ್ತದೆ. ಕೊಳವೆ, ಫಿಲ್ಟರ್ ಎಲ್ಲವನ್ನೂ ಬಸಿಯಿರಿ. ಆ ಇಂಧನವನ್ನು ಹೊಳೆಗೆ ಚೆಲ್ಲಬೇಡಿ, ಮೀನಿಗೂ ಒಂದು ಬದುಕಿದೆ.

ಬಳಿಕ ಪ್ಲಗ್‌ನ ತೂತುಗಳಿಗೂ ಕಾರ್ಬುರೇಟರಿನ ಬಾಯಿಗೂ ಎಂಜಿನ್ ಎಣ್ಣೆ ಬಿಟ್ಟು, ಮತ್ತೆ ಕೈಯಿಂದ ತಿರುಗಿಸಿ. ಎಣ್ಣೆ ಒಳಗೆಲ್ಲ ಹರಡಿ ಲೋಹವನ್ನು ಮುಚ್ಚುತ್ತದೆ. ವಿದ್ಯುತ್ತಿನ ವಯರ್‌ಗಳ ಜೋಡಣೆಗಳನ್ನು ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ಒರೆಸಿ ಒಣಗಿಸಿ. ಹೊಸ ಪ್ಲಗ್ ಹಾಕಿ.

ನಾಲ್ಕನೆಯದು, ಸ್ಟಾರ್ಟ್ ಮಾಡುವುದು.

ಈಗ ಮಾತ್ರ ಹಗ್ಗದ ಸರದಿ. ಹೊಸ ಪೆಟ್ರೋಲಿಗೆ ಎಂದಿನ ಪ್ರಮಾಣದ ಇಮ್ಮಡಿ ಎಣ್ಣೆ ಬೆರೆಸಿ. ಐವತ್ತು ಪಾಲಿಗೆ ಒಂದು ಪಾಲು ಎಣ್ಣೆ ಹೇಳಿರುವ ಎಂಜಿನ್‌ಗೆ ಒಂದು ಲೀಟರಿಗೆ 20 ಮಿಲಿಲೀಟರ್ ಹಾಕುತ್ತೇವಲ್ಲ, ಅದರ ಬದಲು 40 ಹಾಕಿ. ಎಂಜಿನ್‌ನ ಕಾಲು ನೀರಿನ ಡ್ರಮ್ಮಿನಲ್ಲಿರಲಿ. ನೀರಿಲ್ಲದೆ ಓಡಿಸಿದರೆ ತಂಪು ನೀರು ಎಳೆಯುವ ಪಂಪಿನ ರಬ್ಬರ್ ಚಕ್ರ ಬಹುಬೇಗ ಸುಟ್ಟುಹೋಗುತ್ತದೆ. ಸ್ಟಾರ್ಟ್ ಆದ ಮೇಲೆ ಪಕ್ಕದ ತೂತಿನಿಂದ ನೀರಿನ ಎಳೆ ಚಿಮ್ಮುತ್ತಿದೆಯೇ ನೋಡಿ. ಅದು ಚಿಮ್ಮುತ್ತಿದ್ದರೆ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಮೆಲ್ಲನೆ ಓಡಿಸಿ. ಒಳಗಿನ ಕೊನೆಯ ತೇವವನ್ನು ಹೊರಹಾಕುವುದು ಅದರದೇ ಶಾಖ. ಐದು ನಿಮಿಷ ಓಡಿತೆಂದು ಸಂತೋಷದಿಂದ ನಿಲ್ಲಿಸಿದರೆ ಮರುದಿನ ಅಳಬೇಕಾದೀತು.

ಇನ್ನು, ಮುಳುಗದೆಯೂ ನೀರು ಸೇರುವುದುಂಟು. ಪ್ರೊಪೆಲ್ಲರಿನ ಮೇಲ್ಭಾಗದ ಗೇರಿನ ಎಣ್ಣೆಯನ್ನು ಆಗಾಗ ಸ್ವಲ್ಪ ತೆಗೆದು ನೋಡಿ. ಅದು ಹಾಲು ಹಾಕಿದ ಚಹಾದಂತೆ ಕಂಡರೆ ಸೀಲ್ ಸೋರುತ್ತಿದೆ ಎಂದರ್ಥ. ಹೆಚ್ಚಿನ ಸಲ ಅದಕ್ಕೆ ಕಾರಣ ಪ್ರೊಪೆಲ್ಲರಿನ ಹಿಂದೆ ಸುತ್ತಿಕೊಂಡ ಬಲೆಯ ನೂಲು. ನೈಲಾನ್ ನೂಲು ಒಳಸೇರಿ ಸೀಲನ್ನು ಕತ್ತರಿಸುತ್ತದೆ. ನಾವೇ ಬೀಸಿದ ಬಲೆಯ ನೂಲು ನಮ್ಮದೇ ಎಂಜಿನ್‌ಗೆ ಮುಳುವಾಗುತ್ತದೆ. ಎರಡು ಪ್ಲಗ್‌ಗಳಲ್ಲಿ ಒಂದು ಕಪ್ಪಾಗಿದ್ದು ಇನ್ನೊಂದು ತೊಳೆದಿಟ್ಟಂತೆ ಹೊಳೆಯುತ್ತಿದ್ದರೆ, ಆ ಸಿಲಿಂಡರಿನ ಗ್ಯಾಸ್ಕೆಟ್ ದಾಟಿ ತಂಪು ನೀರು ಒಳಬರುತ್ತಿದೆಯೋ ಎಂದು ಶಂಕಿಸಬೇಕು. ನಾಲ್ಕು ಸ್ಟ್ರೋಕಿನ ಎಂಜಿನ್ ಮುಳುಗಿದರೆ ಅದರ ಎಣ್ಣೆಯನ್ನು ಪೂರ್ತಿ ಬದಲಾಯಿಸಿ, ಸ್ವಲ್ಪ ಓಡಿಸಿ, ಬಿಳುಪು ಹೋಗುವ ತನಕ ಮತ್ತೆ ಮತ್ತೆ ಬದಲಾಯಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಆ ಮೇಸ್ತ್ರಿಯ ಒಂದು ಮಾತನ್ನು ಹೇಳಲೇಬೇಕು. ಎರಡನೇ ವರ್ಷದ ರಜೆಯಲ್ಲಿ ಧೈರ್ಯ ಮಾಡಿ ಅವರಲ್ಲಿ ಕೇಳಿದೆ. "ಅವತ್ತು ನಾನು ಇಪ್ಪತ್ತು ಸಲ ಎಳೆದಿದ್ದೆ ಅಂತ ಹೇಳಿದ್ದರೆ ಎಂಜಿನ್ ಉಳಿಯುತ್ತಿತ್ತಾ?" ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. "ಖಂಡಿತ ಅಂತ ಹೇಳಲಾರೆ. ಆದರೆ ನಾನು ಸ್ಟಾರ್ಟ್ ಮಾಡುತ್ತಿರಲಿಲ್ಲ, ಬಿಚ್ಚಿ ತೊಳೆಯುತ್ತಿದ್ದೆ. ಗೀರು ಬಿದ್ದ ಸಿಲಿಂಡರನ್ನು ಕೊರೆಸಿ ಸರಿಮಾಡಬಹುದಿತ್ತು. ಓಡಿಸಿ ಕಚ್ಚಿಸಿದ ಮೇಲೆ ಏನೂ ಉಳಿಯಲಿಲ್ಲ. ಎಂಜಿನ್‌ಗೆ ಬಾಯಿಲ್ಲ ಮಗಾ. ಅದರ ಪರವಾಗಿ ಮಾತಾಡಬೇಕಾದವನು ಅದನ್ನು ಕೊನೆಗೆ ಮುಟ್ಟಿದವನು."

ಆ ಮಾತು ನನ್ನೊಳಗೆ ಉಳಿಯಿತು. ನೀರು ಎಂಜಿನ್‌ಗೆ ಮಾಡಿದ ಹಾನಿಯನ್ನು ತೊಳೆದು ತೆಗೆಯಬಹುದಿತ್ತು. ಅವಸರ ಮಾಡಿದ ಹಾನಿಯನ್ನೂ ಬಹುಶಃ ಖರ್ಚು ಮಾಡಿ ಸರಿಪಡಿಸಬಹುದಿತ್ತು. ಅದನ್ನು ಕೊಂದದ್ದು ನನ್ನ "ಒಂದೆರಡು ಸಲ" ಎಂಬ ಮಾತು.

ಆದರೂ ಉಪ್ಪನಲ್ಲಿ ಹೇಳಲು ನನಗೆ ಧೈರ್ಯ ಬಂದದ್ದು ಬಹಳ ತಡವಾಗಿ. 2009ರಲ್ಲಿ ಅವರು ಹಾಸಿಗೆ ಹಿಡಿದಿದ್ದರು. ಒಂದು ರಾತ್ರಿ ಕಾಲು ಒತ್ತುತ್ತಾ, ಆ ಹಳೆಯ ಗಾಯದ ಗುರುತು ಕೈಗೆ ತಾಗಿದಾಗ ಹೇಳಿಬಿಟ್ಟೆ. "ಉಪ್ಪಾ, ಅವತ್ತು ಒಂದೆರಡು ಸಲ ಅಲ್ಲ, ಇಪ್ಪತ್ತು ಸಲ ಎಳೆದಿದ್ದೆ."

ಅವರು ಕಣ್ಣು ತೆರೆಯಲಿಲ್ಲ. "ಗೊತ್ತಿತ್ತು" ಎಂದರು. "ಎಂಜಿನ್ ಕಚ್ಚಿದ ದಿನ ರಾತ್ರಿ ನೀನು ಊಟಕ್ಕೆ ಕೈ ತೊಳೆಯುವಾಗ ಅಂಗೈ ನೋಡಿದೆ. ಗುಳ್ಳೆ ಎದ್ದಿತ್ತು. ಒಂದೆರಡು ಸಲ ಎಳೆದರೆ ಗುಳ್ಳೆ ಏಳುವುದಿಲ್ಲ."

"ಮತ್ತೆ ಯಾಕೆ ಕೇಳಲಿಲ್ಲ?"

"ಎಂಜಿನ್ ಹೋಗಿಯಾಗಿತ್ತು. ಕೇಳಿದರೆ ನೀನು ಇನ್ನೊಂದು ಸುಳ್ಳು ಹೇಳುತ್ತಿದ್ದೆ. ನೀನೇ ಹೇಳಲಿ ಅಂತ ಕಾದೆ." ಸ್ವಲ್ಪ ತಡೆದು ಹೇಳಿದರು. "ಅವತ್ತು ನಾನು ಕೇಳಿದ ರೀತಿಯೂ ಸರಿಯಿರಲಿಲ್ಲ. ಕಾಲು ನೋಯುತ್ತಿತ್ತು, ಸಿಟ್ಟಿನಲ್ಲಿ ಕೇಳಿದೆ. ಸಿಟ್ಟಿನಲ್ಲಿ ಕೇಳಿದರೆ ಮಕ್ಕಳು ಲೆಕ್ಕ ಕಡಿಮೆ ಹೇಳುತ್ತಾರೆ."

ಹನ್ನೆರಡು ವರ್ಷ ಅವರು ಕಾದಿದ್ದರು. ಅದಾಗಿ ಕೆಲವೇ ತಿಂಗಳಲ್ಲಿ ಅವರು ನಮ್ಮನ್ನು ಅಗಲಿದರು. ಅಂದಿನಿಂದ ತರಗತಿಯಲ್ಲಿ ಯಾವ ಮಗುವಿನಲ್ಲೂ ಏನಾಯಿತು ಎಂದು ಕೇಳುವ ಮೊದಲು ನಾನು ನನ್ನ ದನಿಯನ್ನು ಇಳಿಸಿಕೊಳ್ಳುತ್ತೇನೆ. ಎಲ್ಲ ದಿನವೂ ಸಾಧ್ಯವಾಗುತ್ತದೆ ಎಂದು ಹೇಳಲಾರೆ. ಸಾಧ್ಯವಾದ ದಿನ ಮಕ್ಕಳು ಸರಿಯಾದ ಲೆಕ್ಕ ಹೇಳುತ್ತಾರೆ.

ಈಗ ಮೊದಲಿನ ಫೋನಿಗೆ ಬರೋಣ.

"ಎಷ್ಟು ಸಲ ಎಳೆದೆ? ಸತ್ಯ ಹೇಳು" ಎಂದಾಗ ನನ್ನ ದನಿ ಎತ್ತರಿಸಿದಂತೆ ನನಗೇ ಅನ್ನಿಸಿತು. ತಗ್ಗಿಸಿ ಮತ್ತೆ ಕೇಳಿದೆ. "ಬೈಯುವುದಕ್ಕಲ್ಲ ಮಗಾ. ಲೆಕ್ಕ ಗೊತ್ತಾದರೆ ಎಂಜಿನ್ ಉಳಿಸಬಹುದು."

"ಐದು ಸಲ ಉಸ್ತಾದ್. ಮೂರನೆಯ ಸಲದಿಂದ ಒಳಗೆ ಏನೋ ಉಜ್ಜಿದ ಹಾಗೆ ಸದ್ದು ಬಂತು."

ಆ ಒಂದು ಮಾತಿಗೆ ನಾನು ಅವನಿಗೆ ಋಣಿ. ಮನೆಯ ಮಾಡಿನ ನೀರು ತುಂಬುವ ದೊಡ್ಡ ಡ್ರಮ್ ಇದೆಯೇ ಎಂದು ಕೇಳಿದೆ. ಇದೆ, ಮಳೆನೀರು ತುಂಬಿ ಚೆಲ್ಲುತ್ತಿದೆ ಎಂದ. ಸಿಹಿನೀರೆಂದರೆ ಅದಕ್ಕಿಂತ ಬೇಕೇ? ಇಂಧನದ ಕೊಳವೆ ಬಿಚ್ಚಿ, ಮುಚ್ಚಳ ತೆಗೆದು, ಎಂಜಿನನ್ನು ಚೆನ್ನಾಗಿ ತೊಳೆದು, ತಲೆಕೆಳಗಾಗಿ ಡ್ರಮ್ಮಿಗೆ ಇಳಿಸಲು ಹೇಳಿದೆ. ಸುಮಾರು 40 ಕಿಲೋ ತೂಕದ ಎಂಜಿನನ್ನು ಭಾವ ಭಾಮೈದರಿಬ್ಬರು ಎತ್ತಿ ನೀರಿಗಿಳಿಸುವುದನ್ನು ಕಂಡು ನೆರೆಯವರು, "ಕಡಲಲ್ಲಿ ಮುಳುಗಿದ್ದು ಸಾಲದೆಂದು ಇವರಿಗೆ ಹುಚ್ಚು ಹಿಡಿಯಿತೇ?" ಎಂದು ನಕ್ಕರಂತೆ.

ಮೇಸ್ತ್ರಿ ಸಿಕ್ಕಿದ್ದು ಅಸರ್ ಹೊತ್ತಿಗೆ. ಮದ್ರಸ ಬಿಟ್ಟು ನಾನೂ ಹೋಗಿದ್ದೆ. ಐದು ಸಲ ಎಳೆದದ್ದು, ಮೂರನೆಯದರಿಂದ ಸದ್ದು ಬಂದದ್ದು, ಎಲ್ಲವನ್ನೂ ಆ ಹುಡುಗ ಯಾರೂ ಕೇಳುವ ಮೊದಲೇ ಹೇಳಿದ. ಮೇಸ್ತ್ರಿ ಸ್ಟಾರ್ಟ್ ಮಾಡುವ ಗೋಜಿಗೇ ಹೋಗಲಿಲ್ಲ. ಡ್ರಮ್ಮಿನಿಂದ ಎತ್ತಿದವರೇ ಬಿಚ್ಚಲು ಕುಳಿತರು. ರಾತ್ರಿ ಹತ್ತರ ತನಕ ಕೆಲಸ ನಡೆಯಿತು. ಮನೆಯ ಹೆಂಗಸರು ಚಹಾ ಮಾಡಿ ಮಾಡಿ ಸುಸ್ತಾದರು. ಒಳಗೆ ಒಂದು ಹಿಡಿಯಷ್ಟು ಮರಳಿತ್ತು. ಒಂದು ಸಿಲಿಂಡರಿನಲ್ಲಿ ಕೂದಲಿನಂಥ ಎರಡು ಗೀರುಗಳಿದ್ದವು, ಉಗುರಿಗೆ ತಾಗದಷ್ಟು ತೆಳು. ಬೇರಿಂಗ್‌ಗಳು ಹೊಳೆಯುತ್ತಿದ್ದವು. ಗ್ಯಾಸ್ಕೆಟ್, ರಿಂಗ್, ಸೀಲ್ ಮತ್ತು ಪ್ಲಗ್‌ಗಳಷ್ಟೇ ಖರ್ಚಾಯಿತು. ಮೂರನೆಯ ದಿನ ಅದೇ ಡ್ರಮ್ಮಿನಲ್ಲಿ ಎಂಜಿನ್‌ನ ಕಾಲು ಇಳಿಸಿ ಒಂದು ಗಂಟೆ ಓಡಿಸಿದರು. ಆ ಎಂಜಿನ್ ಇಂದಿಗೂ ಆ ಮನೆಯ ಅನ್ನ ದುಡಿಯುತ್ತಿದೆ.

ಕೊನೆಗೆ ಕೆಲವು ಮಾತು. ದೋಣಿಗೆ ಹೋಗುವ ಪ್ರತಿಯೊಬ್ಬನೂ ಜೀವರಕ್ಷಕ ಅಂಗಿ ತೊಡಲಿ. ಎಂಜಿನ್ ಮುಳುಗಿದರೆ ಎತ್ತಬಹುದು, ಸಾಲ ಮಾಡಿ ಇನ್ನೊಂದು ಕೊಳ್ಳಬಹುದು. ಮನುಷ್ಯ ಮುಳುಗಿದರೆ ಯಾವ ಮೇಸ್ತ್ರಿಯೂ ಇಲ್ಲ. ಎಂಜಿನನ್ನು ಸರಪಳಿಯಿಂದ ದೋಣಿಗೆ ಬಿಗಿದಿಡಿ. ದೋಣಿಯಿಲ್ಲದ ಓದುಗರೇ, ನೆರೆ ಬಂದಾಗ ನೀರು ಹೊಕ್ಕ ನಿಮ್ಮ ಕಾರಿಗೂ ಬೈಕಿಗೂ ಇದೇ ಮಾತು ಅನ್ವಯ. ಕೀಲಿ ತಿರುಗಿಸಿ ನೋಡಬೇಡಿ, ಎಳೆಸಿಕೊಂಡು ಹೋಗಿ ತೋರಿಸಿ. ನೀರಿಗೆ ಬಿದ್ದ ಫೋನನ್ನು ಸರಿಯಿದೆಯೋ ಎಂದು ಚಾರ್ಜಿಗೆ ಹಾಕಿ ನೋಡಬೇಡಿ. ಮತ್ತು ದುರಸ್ತಿ ಮಾಡುವವರ ಮುಂದೆ, ಅವರು ಮೇಸ್ತ್ರಿಯಾಗಿರಲಿ ವೈದ್ಯರಾಗಿರಲಿ, ನಿಮ್ಮ ಕೈಯಿಂದಾದುದನ್ನು ಮುಚ್ಚಿಡಬೇಡಿ.

ಇಂದು ಸಂಜೆ ನಿಮ್ಮ ಮಗ ಏನನ್ನಾದರೂ ಹಾಳು ಮಾಡಿಕೊಂಡು ನಿಮ್ಮ ಮುಂದೆ ನಿಂತಿರಬಹುದು. ಏನಾಯಿತೆಂದು ಕೇಳಿ. ಆದರೆ ಕೇಳುವ ಮೊದಲು ನಿಮ್ಮ ದನಿಯನ್ನು ಸ್ವಲ್ಪ ತಗ್ಗಿಸಿಕೊಳ್ಳಿ.